ಪ್ರೌಢಶಾಲೆಯ ಇಂಗ್ಲಿಷ್ ತರಗತಿಯ ಕೊನೆಯ ವಾರಗಳು

ಕರ್ನಾಟಕದ ಪ್ರೌಢಶಾಲೆಗಳ ಶೈಕ್ಷಣಿಕ ವರ್ಷವು ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ ತೊಡಗಿ, ದಸರಾ ರಜೆಯಿಂದ ಎರಡು ಭಾಗಗಳಾಗಿ, ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಮುಕ್ತಾಯಗೊಳ್ಳುತ್ತದೆ. ಇದರ ಕೊನೆಯ ಘಟ್ಟದಲ್ಲಿ, ಅಂದರೆ ಜನವರಿಯ ನಡುಭಾಗದಿಂದ ಮಾರ್ಚ್ ಆರಂಭದವರೆಗೆ, ಇಂಗ್ಲಿಷ್ ತರಗತಿಯ ಸ್ಥಿತಿ ಉಳಿದ ತಿಂಗಳುಗಳಿಗಿಂತ ಬೇರೆಯಾಗಿರುತ್ತದೆ. ಪಠ್ಯಪುಸ್ತಕದ ಗದ್ಯಪದ್ಯಗಳು ಬಹುಪಾಲು ಮುಗಿದಿರುತ್ತವೆ. ಮಕ್ಕಳು ವರ್ಷವಿಡೀ ಕೇಳಿದ, ಓದಿದ, ಬರೆದ ಪದಗಳೂ ವಾಕ್ಯಮಾದರಿಗಳೂ ಅರ್ಧ ನೆನಪಿನಲ್ಲಿ, ಅರ್ಧ ಮರೆವಿನಲ್ಲಿ ಉಳಿದಿರುತ್ತವೆ. ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ಜೂನ್ ತಿಂಗಳಲ್ಲಿ ಊಹಿಸುತ್ತಿದ್ದ ಶಿಕ್ಷಕರಿಗೆ ಈಗ ಅದು ಖಚಿತವಾಗಿ ಗೊತ್ತಿರುತ್ತದೆ. ಕಲಿತದ್ದನ್ನು ಬಳಕೆಗೆ ತರಲು ವರ್ಷದಲ್ಲಿ ಇದಕ್ಕಿಂತ ಸೂಕ್ತವಾದ ಕಾಲ ಮತ್ತೊಂದಿಲ್ಲ. ಆದರೂ ಅನೇಕ ಶಾಲೆಗಳಲ್ಲಿ ಈ ವಾರಗಳು ಪ್ರಶ್ನೋತ್ತರಗಳನ್ನು ಮತ್ತೆ ಮತ್ತೆ ಬರೆಸುವುದರಲ್ಲಿ, ಕಂಠಪಾಠದ ಪದ್ಯವನ್ನು ಒಪ್ಪಿಸಿಕೊಳ್ಳುವುದರಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದರಲ್ಲಿ ಕಳೆದುಹೋಗುತ್ತವೆ. ಪುನರಾವರ್ತನೆ ಬೇಕೇ ಬೇಕು; ಆದರೆ ಪುನರಾವರ್ತನೆಯೆಂದರೆ ಬರೆದದ್ದನ್ನೇ ಬರೆಯುವುದು ಎಂಬ ತಿಳಿವಳಿಕೆಯಿಂದ ಭಾಷೆಯ ಕಲಿಕೆಗೆ ಆಗುವ ನಷ್ಟ ದೊಡ್ಡದು. ವರ್ಷಾಂತ್ಯದ ಪಾಠಗಳನ್ನೂ ಪ್ರಾಜೆಕ್ಟುಗಳನ್ನೂ ಮುಂದಾಲೋಚನೆಯಿಂದ ರೂಪಿಸಿದರೆ ಪರೀಕ್ಷೆಯ ಸಿದ್ಧತೆ ಮತ್ತು ಭಾಷೆಯ ನಿಜವಾದ ಬಳಕೆ ಒಂದೇ ಕೆಲಸದೊಳಗೆ ಸೇರಬಲ್ಲವು.

ಈ ಮಾತನ್ನು ತರಗತಿವಾರು ನೋಡಬೇಕಾಗುತ್ತದೆ, ಏಕೆಂದರೆ ಹತ್ತನೆಯ ತರಗತಿಯ ಕೊನೆಯ ವಾರಗಳಿಗೂ ಎಂಟು ಮತ್ತು ಒಂಬತ್ತನೆಯ ತರಗತಿಗಳ ಕೊನೆಯ ವಾರಗಳಿಗೂ ಅಜಗಜಾಂತರವಿದೆ. ಹತ್ತನೆಯ ತರಗತಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷ್‌ಗೆ 80 ಅಂಕಗಳ ಲಿಖಿತ ಪರೀಕ್ಷೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇದ್ದು, ಮಾರ್ಚ್ ಕೊನೆಯ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆ ಎದುರಾಗುತ್ತದೆ. 2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದ್ದರೂ ಮೊದಲನೆಯದರ ಒತ್ತಡ ಕಡಿಮೆಯಾಗಿಲ್ಲ. ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಹಾಗಲ್ಲ. ಅಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಂತೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಕಲಿಕೆ ನಡೆಯುತ್ತಿರುವಾಗಲೇ ಅದರ ಗತಿಯನ್ನು ಅರಿತು ತಿದ್ದಲು ನಡೆಸುವ ಮೌಲ್ಯಮಾಪನವನ್ನು ರೂಪಣಾತ್ಮಕವೆಂದೂ, ಒಂದು ಅವಧಿಯ ಕೊನೆಯಲ್ಲಿ ಒಟ್ಟು ಕಲಿಕೆಯನ್ನು ಅಳೆಯುವುದನ್ನು ಸಂಕಲನಾತ್ಮಕವೆಂದೂ ಕರೆಯುತ್ತಾರೆ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಲಿಖಿತ ಕಿರುಪರೀಕ್ಷೆಯ ಜೊತೆಗೆ ಚಟುವಟಿಕೆಗಳಿಗೂ ಅಂಕವಿದೆ. ನಾಲ್ಕನೆಯದು ಬರುವುದು ವರ್ಷದ ಕೊನೆಯ ತಿಂಗಳುಗಳಲ್ಲಿಯೇ. ಹೀಗಾಗಿ ವರ್ಷಾಂತ್ಯದ ಪ್ರಾಜೆಕ್ಟಿಗೆ ನಿಯಮಗಳೊಳಗೇ ಜಾಗವಿದೆ. ಹೊಸ ಅನುಮತಿಯಾಗಲಿ ಹೆಚ್ಚುವರಿ ಸಮಯವಾಗಲಿ ಬೇಕಿಲ್ಲ. ಒಂಬತ್ತನೆಯ ತರಗತಿಯ ಫೆಬ್ರವರಿಯನ್ನು ಹತ್ತನೆಯ ತರಗತಿಯ ಪಾಠಗಳನ್ನು ಮುಂಚಿತವಾಗಿ ಆರಂಭಿಸಲು ಬಳಸುವ ರೂಢಿ ಕೆಲವೆಡೆ ಇದೆ. ಅದು ಅತ್ಯಂತ ಬೆಲೆಬಾಳುವ ಸಮಯವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುವ ಹಳ್ಳಿಯ ಮಗುವಿಗೆ ಇಂಗ್ಲಿಷ್ ಕಿವಿಗೆ ಬೀಳುವುದು ಬಹುಮಟ್ಟಿಗೆ ದಿನದ ಆ ಒಂದು ಅವಧಿಯಲ್ಲಿ ಮಾತ್ರ. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ 2007ರಲ್ಲಿ ಜಾರಿಗೆ ಬಂದಿದ್ದರಿಂದ, ಪ್ರೌಢಶಾಲೆಯನ್ನು ಮುಗಿಸುವ ವಿದ್ಯಾರ್ಥಿ ಹತ್ತು ವರ್ಷ ಆ ಭಾಷೆಯನ್ನು ಓದಿರುತ್ತಾನೆ. ಹೀಗಿದ್ದೂ ಮುದ್ರಿತ ಉತ್ತರವೊಂದನ್ನು ನೆನಪಿನಿಂದ ಬರೆಯಬಲ್ಲ ವಿದ್ಯಾರ್ಥಿಗೆ ತನ್ನ ಊರಿನ ಬಗ್ಗೆ ನಾಲ್ಕು ವಾಕ್ಯಗಳನ್ನು ತಾನಾಗಿ ಕಟ್ಟಲು ಕಷ್ಟವಾಗುವುದುಂಟು. ಇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ತನಗೆ ಹೇಳಬೇಕೆನಿಸಿದ್ದನ್ನು ಆ ಭಾಷೆಯಲ್ಲಿ ಹೇಳುವ ಸಂದರ್ಭವೇ ಅವನಿಗೆ ಒದಗಿರುವುದಿಲ್ಲ. ಅಂಥ ಸಂದರ್ಭವನ್ನು ನಿರ್ಮಿಸುವುದೇ ವರ್ಷಾಂತ್ಯದ ಯೋಜನೆಯ ತಿರುಳು.

ಯೋಜನೆ ಎಲ್ಲಿಂದ ಆರಂಭವಾಗಬೇಕು ಎಂಬ ಪ್ರಶ್ನೆಗೆ ಅಮೆರಿಕದ ಶಿಕ್ಷಣತಜ್ಞರಾದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಸರಳವಾದ ಉತ್ತರ ಕೊಟ್ಟಿತು: ಕೊನೆಯಿಂದ. ಹಿಮ್ಮುಖ ಯೋಜನೆ ಎಂದು ಕನ್ನಡದಲ್ಲಿ ಕರೆಯಬಹುದಾದ ಈ ಕ್ರಮದಲ್ಲಿ ಶಿಕ್ಷಕರು ಮೊದಲು ಘಟಕದ ಕೊನೆಗೆ ಮಕ್ಕಳಿಗೆ ಏನು ಸಾಧ್ಯವಾಗಬೇಕು ಎಂಬುದನ್ನೂ, ಎರಡನೆಯದಾಗಿ ಅದು ಸಾಧ್ಯವಾಗಿದೆ ಎಂಬುದಕ್ಕೆ ಯಾವ ಸಾಕ್ಷ್ಯ ಸಾಕು ಎಂಬುದನ್ನೂ ನಿರ್ಧರಿಸಿ, ಆ ಮೇಲೆಯೇ ಯಾವ ದಿನ ಯಾವ ಪಾಠ, ಯಾವ ಚಟುವಟಿಕೆ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಶಾಲೆಗಳ ವಾರ್ಷಿಕ ಪಾಠ ಹಂಚಿಕೆ ಬಹುತೇಕ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗುತ್ತದೆ. ಪಾಠಗಳ ಪಟ್ಟಿಯನ್ನು ತಿಂಗಳುಗಳ ಮೇಲೆ ಹರಡಿ, ಕೊನೆಗೆ ಉಳಿದ ದಿನಗಳಿಗೆ ಪುನರಾವರ್ತನೆ ಎಂದು ಹೆಸರಿಡಲಾಗುತ್ತದೆ. ಹಿಮ್ಮುಖವಾಗಿ ಯೋಚಿಸಿದ ಶಿಕ್ಷಕಿಯೊಬ್ಬರು ಮಾರ್ಚ್ ಮೊದಲ ವಾರದಲ್ಲಿ ತರಗತಿಯ ಪ್ರತಿಯೊಂದು ಮಗುವೂ ಒಂದು ಕಥೆಯನ್ನು ಭೂತಕಾಲದ ಸರಳ ವಾಕ್ಯಗಳಲ್ಲಿ ಹೇಳಲೂ ಒಂದು ಪುಟದಷ್ಟು ಬರೆಯಲೂ ಶಕ್ತವಾಗಬೇಕು ಎಂದು ಗುರಿಯಿಟ್ಟುಕೊಂಡರೆ, ಆ ಗುರಿಗೆ ಬೇಕಾದ ಕ್ರಿಯಾಪದಗಳ ಅಭ್ಯಾಸ ಜನವರಿಯಲ್ಲಿಯೇ ಆಗಿರಬೇಕೆಂಬುದು ತಾನಾಗಿಯೇ ಗೋಚರಿಸುತ್ತದೆ. ವಾರಕ್ಕೆ ಐದಾರು ಅವಧಿ, ಅವಧಿಗೆ ಸುಮಾರು 40 ನಿಮಿಷ ಎಂದಿಟ್ಟುಕೊಂಡು, ಗಣರಾಜ್ಯೋತ್ಸವದ ತಾಲೀಮು, ಶಾಲಾ ವಾರ್ಷಿಕೋತ್ಸವ, ಶಿಕ್ಷಕರ ತರಬೇತಿ, ಹತ್ತನೆಯವರ ಬೀಳ್ಕೊಡುಗೆ ಇವೆಲ್ಲವನ್ನೂ ಕಳೆದರೆ ಎಷ್ಟು ಅವಧಿಗಳು ಉಳಿಯುತ್ತವೆ ಎಂಬ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ದೊಡ್ಡ ಪ್ರಾಜೆಕ್ಟುಗಳು ಅರ್ಧಕ್ಕೆ ನಿಲ್ಲಲು ಈ ಲೆಕ್ಕ ತಪ್ಪುವುದೇ ಸಾಮಾನ್ಯ ಕಾರಣ.

ಅರ್ಥದ ಕಡೆಗೆ ಗಮನವಿಟ್ಟು ಕೆಲಸ ಮಾಡುವಾಗಲೇ ಭಾಷೆ ಒಳಗಿಳಿಯುತ್ತದೆ ಎಂಬ ವಿಚಾರವನ್ನು ತರಗತಿಯೊಳಗೆ ಪರೀಕ್ಷಿಸಿ ನೋಡಿದ, ಜಗತ್ತಿನ ಭಾಷಾಬೋಧನಾ ಗ್ರಂಥಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಪ್ರಯೋಗವೊಂದಕ್ಕೆ ಬೆಂಗಳೂರಿನ ಹೆಸರಿದೆ ಎಂಬುದು ಕನ್ನಡ ಓದುಗರಲ್ಲಿ ಹಲವರಿಗೆ ತಿಳಿಯದ ಸಂಗತಿ. 1963ರಲ್ಲಿ ಸ್ಥಾಪನೆಯಾಗಿ ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲ್ ಇವುಗಳ ಆಶ್ರಯದಲ್ಲಿ, ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ, 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಈ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಪ್ರಸಿದ್ಧವಾಯಿತು. ಅದಕ್ಕೆ ಮುಂಚೆ ಇಲ್ಲಿನ ಶಾಲೆಗಳಲ್ಲಿ ಪ್ರಚಲಿತವಾಗಿದ್ದುದು ರಚನಾ ಪದ್ಧತಿ. ಅಂದರೆ ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಜೋಡಿಸಿ, ಒಂದೊಂದನ್ನೇ ಬಾಯಿಪಾಠದಂಥ ಅಭ್ಯಾಸದಿಂದ ರೂಢಿಸುವ ಕ್ರಮ. ಅದರಲ್ಲಿ ಮಕ್ಕಳು ತರಗತಿಯೊಳಗೆ ಸರಿಯಾಗಿ ಹೇಳಿದ ವಾಕ್ಯವನ್ನು ತರಗತಿಯ ಹೊರಗೆ ಬಳಸಲಾರದೆ ಹೋಗುತ್ತಿದ್ದರು. ಪ್ರಭು ಅವರ ತರಗತಿಗಳಲ್ಲಿ ವ್ಯಾಕರಣದ ಪಠ್ಯಕ್ರಮವನ್ನೇ ಕೈಬಿಟ್ಟು, ಅದರ ಸ್ಥಾನದಲ್ಲಿ ಬಿಡಿಸಬೇಕಾದ ಸಮಸ್ಯೆಗಳ ಸರಣಿಯನ್ನು ಇರಿಸಲಾಯಿತು: ರೈಲುಗಳ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿದರೆ ಸಮಯಕ್ಕೆ ತಲುಪಬಹುದು, ನಕ್ಷೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹತ್ತಿರದ ದಾರಿ ಯಾವುದು, ಇಷ್ಟು ಹಣದಲ್ಲಿ ಏನೇನು ಕೊಳ್ಳಬಹುದು ಎಂಬಂಥವು.

ಆ ಸಮಸ್ಯೆಗಳನ್ನು ಪ್ರಭು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬರ ಬಳಿಯಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸಬೇಕಾದುದು ಮಾಹಿತಿಯ ಅಂತರದ ಕೆಲಸ. ಕೊಟ್ಟ ಮಾಹಿತಿಯಿಂದ ತರ್ಕಿಸಿ ಹೊಸದೊಂದನ್ನು ಕಂಡುಕೊಳ್ಳಬೇಕಾದುದು ತರ್ಕದ ಅಂತರದ ಕೆಲಸ. ತನ್ನ ಅಭಿಪ್ರಾಯವನ್ನೋ ಇಷ್ಟಾನಿಷ್ಟವನ್ನೋ ವ್ಯಕ್ತಪಡಿಸಬೇಕಾದುದು ಅಭಿಪ್ರಾಯದ ಅಂತರದ ಕೆಲಸ. ಇವುಗಳಲ್ಲಿ ಎರಡನೆಯದು ಹೆಚ್ಚು ಫಲಕಾರಿ ಎಂದು ಅವರಿಗೆ ಅನುಭವದಿಂದ ಮನವರಿಕೆಯಾಯಿತು. ಪ್ರತಿ ಪಾಠದಲ್ಲಿ ಮೊದಲು ಇಡೀ ತರಗತಿಯೊಂದಿಗೆ ಶಿಕ್ಷಕರು ಪ್ರಶ್ನೋತ್ತರದ ಮೂಲಕ ಒಂದು ಸಮಸ್ಯೆಯನ್ನು ಬಿಡಿಸಿ ತೋರಿಸುತ್ತಿದ್ದರು. ಆಮೇಲೆ ಅದೇ ಬಗೆಯ ಮತ್ತೊಂದನ್ನು ಮಕ್ಕಳು ತಾವೇ ಬಿಡಿಸಬೇಕಿತ್ತು. ತರಗತಿಯ ಅರ್ಧದಷ್ಟಾದರೂ ಮಕ್ಕಳು ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸದ ಮಟ್ಟ ಸೂಕ್ತವಾಗಿದೆ ಎಂಬುದು ಅವರ ಅಳತೆಗೋಲು. ಈ ಅಳತೆಗೋಲು ಇಂದಿನ ಶಿಕ್ಷಕರಿಗೂ ಅತ್ಯಂತ ಉಪಯುಕ್ತ. ಎಲ್ಲರೂ ಎಲ್ಲವನ್ನೂ ಸರಿಯಾಗಿ ಮಾಡಿದರೆ ಕೆಲಸ ತೀರಾ ಸುಲಭವಾಗಿತ್ತು, ಮುಂದಿನ ಬೆಂಚಿನ ನಾಲ್ವರು ಮಾತ್ರ ಮಾಡಿದರೆ ತೀರಾ ಕಠಿಣವಾಗಿತ್ತು ಎಂದು ಆ ದಿನವೇ ತಿಳಿದು ಮರುದಿನದ ಪಾಠವನ್ನು ಬದಲಿಸಿಕೊಳ್ಳಬಹುದು.

ಪ್ರಯೋಗದ ಫಲಿತಾಂಶವನ್ನು ಬೆರೆಟ್ಟಾ ಮತ್ತು ಡೇವಿಸ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಪರಿಶೀಲಿಸಿದರು. ರಚನೆಗಳನ್ನೇ ಪರೀಕ್ಷಿಸುವ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರೆ, ಅರ್ಥವನ್ನು ಗ್ರಹಿಸಿ ಬಳಸಬೇಕಾದ ಪರೀಕ್ಷೆಗಳಲ್ಲಿ ಒಟ್ಟಾರೆಯಾಗಿ ಪ್ರಯೋಗದ ತರಗತಿಗಳ ಮಕ್ಕಳು ಮುಂದಿದ್ದರು. ಪ್ರಭು 1987ರಲ್ಲಿ ಈ ಅನುಭವವನ್ನು ಪುಸ್ತಕವಾಗಿ ಬರೆದರು. ಕಾರ್ಯಾಧಾರಿತ ಭಾಷಾಬೋಧನೆ ಎಂದು ಇಂದು ಜಗತ್ತಿನೆಲ್ಲೆಡೆ ಹೆಸರಾಗಿರುವ ಪದ್ಧತಿಯ ಮೂಲಗಳಲ್ಲಿ ಅದೂ ಒಂದು. ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ, ಕಪ್ಪುಹಲಗೆ ಮತ್ತು ಸೀಮೆಸುಣ್ಣದಂಥ ಸಾಮಾನ್ಯ ಸಾಮಗ್ರಿಯೊಂದಿಗೆ ರೂಪುಗೊಂಡ ಈ ವಿಚಾರವನ್ನು ವಿದೇಶೀ ಫ್ಯಾಷನ್ ಎಂದು ತಳ್ಳಿಹಾಕಲು ನಮಗೆ ಕಾರಣವಿಲ್ಲ.

ಪ್ರಾಜೆಕ್ಟ್ ಎಂಬ ಕಲ್ಪನೆಗೆ ಬೇರೊಂದು ಇತಿಹಾಸವಿದೆ. ಅಮೆರಿಕದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಪ್ರಬಂಧವೊಂದರ ಮೂಲಕ ಅದು ಶಿಕ್ಷಣಶಾಸ್ತ್ರದಲ್ಲಿ ನೆಲೆಯೂರಿತು. ಇತರರ ನಡುವೆ, ಮನಃಪೂರ್ವಕವಾಗಿ, ಒಂದು ಉದ್ದೇಶದತ್ತ ಸಾಗುವ ಕೆಲಸ ಎಂಬುದು ಅವರ ವ್ಯಾಖ್ಯೆಯ ಸಾರ. ಇಲ್ಲಿ ಉದ್ದೇಶ ಮಗುವಿನದಾಗಿರಬೇಕು ಎಂಬುದೇ ಮುಖ್ಯ. ಈ ಒರೆಗಲ್ಲಿಗೆ ಹಚ್ಚಿದರೆ ನಮ್ಮಲ್ಲಿ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ನಡೆಯುವ ಬಹಳಷ್ಟು ಕೆಲಸ ಉಳಿಯುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಿದ್ಧ ಚಾರ್ಟು, ಜೆರಾಕ್ಸ್ ಅಂಗಡಿಯಲ್ಲಿ ಅಂತರಜಾಲದಿಂದ ತೆಗೆಸಿದ ನಾಲ್ಕು ಬಣ್ಣದ ಪುಟಗಳು, ಕವಿಯ ಭಾವಚಿತ್ರವನ್ನು ಅಂಟಿಸಿ ಗೈಡಿನಿಂದ ಇಳಿಸಿಕೊಂಡ ಪರಿಚಯ, ಅಕ್ಕನೋ ಅಪ್ಪನೋ ರಾತ್ರಿ ಕುಳಿತು ಬರೆದುಕೊಟ್ಟ ಪುಟ, ಇವುಗಳಲ್ಲಿ ಮಗುವಿನ ಇಂಗ್ಲಿಷ್ ಒಂದು ವಾಕ್ಯದಷ್ಟೂ ಇರುವುದಿಲ್ಲ. ಬಡ ಕುಟುಂಬದ ಮೇಲೆ ಖರ್ಚು ಮಾತ್ರ ಬೀಳುತ್ತದೆ. ಅಲಂಕಾರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿದ ದಿನ ಇಂಥ ಪ್ರಾಜೆಕ್ಟುಗಳು ತಾವಾಗಿ ನಿಲ್ಲುತ್ತವೆ. ಮಗು ಶಾಲೆಯಲ್ಲಿಯೇ, ತನ್ನ ನೋಟುಪುಸ್ತಕದ ಹಾಳೆಯಲ್ಲಿ, ತನ್ನದೇ ಮಾತಿನಲ್ಲಿ ಮಾಡಬಹುದಾದದ್ದೇ ಇಂಗ್ಲಿಷ್ ತರಗತಿಯ ಪ್ರಾಜೆಕ್ಟ್ ಆಗಬೇಕು.

ಅಂಥ ಕೆಲಸಕ್ಕೆ ಒಂದು ನಿದರ್ಶನವಾಗಿ, ಒಂಬತ್ತನೆಯ ತರಗತಿಗೆ ನಾಲ್ಕು ವಾರಗಳಲ್ಲಿ ಮುಗಿಯುವ ಜನಪದ ಕಥೆಯ ಪ್ರಾಜೆಕ್ಟನ್ನು ವಿವರವಾಗಿ ನೋಡಬಹುದು. ಮನೆಯ ಅಥವಾ ಕೇರಿಯ ಹಿರಿಯರೊಬ್ಬರಿಂದ ಒಂದು ಕಥೆಯನ್ನು ಕೇಳಿಕೊಂಡು ಬಂದು ಅದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಮತ್ತು ಬರೆಯುವುದು ಇದರ ಸ್ವರೂಪ. ಈ ದಾರಿಯಲ್ಲಿ ನಡೆದ ಮಹನೀಯರೊಬ್ಬರು ನಮ್ಮವರೇ: 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಎ. ಕೆ. ರಾಮಾನುಜನ್ ಕನ್ನಡದ ಮೌಖಿಕ ಕಥೆಗಳನ್ನು ಸಂಗ್ರಹಿಸುತ್ತ ಹೋದರು; ಅವುಗಳ ಇಂಗ್ಲಿಷ್ ರೂಪಗಳ ದೊಡ್ಡ ಸಂಕಲನವೊಂದು ಅವರ ನಿಧನಾನಂತರ 1997ರಲ್ಲಿ ಪ್ರಕಟವಾಯಿತು. ಮಕ್ಕಳ ಕೆಲಸ ಅಷ್ಟು ದೊಡ್ಡದಾಗಬೇಕಿಲ್ಲ. ಆದರೆ ಅಜ್ಜಿಯ ಕಥೆ ಇಂಗ್ಲಿಷ್ ಪುಸ್ತಕಕ್ಕೆ ತಕ್ಕದ್ದು ಎಂಬ ಅರಿವು ಅವರಿಗೆ ಮೊದಲ ದಿನವೇ ಸಿಗುವುದು ಒಳ್ಳೆಯದು.

ಮೊದಲ ವಾರದಲ್ಲಿ ಶಿಕ್ಷಕರು ತಾವೇ ಒಂದು ಕಥೆಯನ್ನು ಸರಳ ಇಂಗ್ಲಿಷ್‌ನಲ್ಲಿ, ಕಪ್ಪುಹಲಗೆಯ ಮೇಲೆ ನಾಲ್ಕಾರು ಚಿತ್ರಗಳನ್ನು ಬರೆಯುತ್ತ, ಎರಡು ಬಾರಿ ಹೇಳಬೇಕು. ಅದಕ್ಕೆ ಪುಣ್ಯಕೋಟಿಯ ಕಥೆಗಿಂತ ಉತ್ತಮವಾದದ್ದು ಸಿಗಲಾರದು. ಹುಲಿ ಏನು ಕೇಳಿತು, ಹಸು ಏನು ಹೇಳಿ ಹೋಯಿತು, ಹೇಗೆ ಮರಳಿ ಬಂತು ಎಂಬುದೆಲ್ಲ ಮಕ್ಕಳಿಗೆ ಗೊತ್ತಿರುವುದರಿಂದ, ಕಥೆಯನ್ನು ಅರ್ಥ ಮಾಡಿಕೊಳ್ಳುವ ಶ್ರಮವಿಲ್ಲದೆ ಅವರ ಕಿವಿ ಪೂರ್ತಿಯಾಗಿ ಭಾಷೆಯ ಕಡೆಗೆ ತಿರುಗುತ್ತದೆ. ಮರುದಿನ ಆ ಕಥೆಯ ಹತ್ತು ಹನ್ನೆರಡು ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು, ಕಲಸಿಕೊಟ್ಟು, ಸರಿಯಾದ ಕ್ರಮಕ್ಕೆ ಜೋಡಿಸಲು ಹೇಳಿದರೆ ಅದು ಪ್ರಭು ಹೇಳಿದ ತರ್ಕದ ಅಂತರದ ಕೆಲಸವಾಗುತ್ತದೆ. ‘ಒನ್ ಡೇ’, ‘ಆಫ್ಟರ್ ದಟ್’, ‘ಸಡನ್ಲಿ’, ‘ಅಟ್ ಲಾಸ್ಟ್’ ಎಂಬಂಥ ಕಥನದ ಕೀಲುಪದಗಳನ್ನು ಗೋಡೆಯ ಮೇಲೆ ಬರೆದು ನಾಲ್ಕೂ ವಾರ ಹಾಗೆಯೇ ಬಿಡಬೇಕು. ವಾರದ ಕೊನೆಗೆ ಮಕ್ಕಳು ಮನೆಯಲ್ಲಿ ಕಥೆ ಕೇಳಿಕೊಂಡು ಬರುತ್ತಾರೆ. ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ ಯಾವ ಮನೆಮಾತಿನಲ್ಲಿ ಕೇಳಿದರೂ ಸರಿ; ಐದಾರು ಘಟನೆಗಳನ್ನು ಮಾತ್ರ ತಮಗೆ ತಿಳಿದ ಭಾಷೆಯಲ್ಲಿ ಗುರುತು ಹಾಕಿಕೊಂಡರೆ ಸಾಕು. ಕನ್ನಡವೇ ಎರಡನೆಯ ಭಾಷೆಯಾಗಿರುವ ಮಕ್ಕಳಿಗೆ ಈ ಒಂದು ಸ್ವಾತಂತ್ರ್ಯ ಬಹಳ ದೊಡ್ಡದು.

ಎರಡನೆಯ ವಾರ ಬರವಣಿಗೆ ಬೇಡ, ಮಾತು ಮಾತ್ರ. ಮಗು ತನ್ನ ಕಥೆಯನ್ನು ಪಕ್ಕದವರಿಗೆ ಇಂಗ್ಲಿಷ್‌ನಲ್ಲಿ ಹೇಳುತ್ತದೆ, ಮರುದಿನ ಇನ್ನೊಬ್ಬರಿಗೆ, ಅದರ ಮರುದಿನ ಮತ್ತೊಬ್ಬರಿಗೆ. ಕೇಳುಗರು ಹೊಸಬರಾಗಿರುವುದರಿಂದ ಹೇಳಿದ್ದನ್ನೇ ಹೇಳುವುದು ಬೇಸರವಾಗದೆ, ಪ್ರತಿ ಸಲವೂ ಮಾತು ಸ್ವಲ್ಪ ಸರಾಗವಾಗುತ್ತದೆ. ಪದ ಸಿಗದಾಗ ಕನ್ನಡ ಪದವನ್ನೇ ಬಳಸಿ ಮುಂದೆ ಸಾಗಲು ಬಿಟ್ಟು, ಶಿಕ್ಷಕರು ಓಡಾಡುತ್ತ ಅಂಥ ಪದಗಳನ್ನು ಗುರುತಿಸಿಕೊಂಡು ಅವಧಿಯ ಕೊನೆಗೆ ಅವುಗಳ ಇಂಗ್ಲಿಷ್ ರೂಪಗಳನ್ನು ಹಲಗೆಯ ಮೇಲೆ ಕೊಡುತ್ತಾರೆ. ಮೂರನೆಯ ವಾರದಲ್ಲಿ ಮೊದಲ ಕರಡು ಸಿದ್ಧವಾಗುತ್ತದೆ. ಇಲ್ಲಿಯೇ ಶಿಕ್ಷಕರ ಸಂಯಮ ಪರೀಕ್ಷೆಗೊಳಗಾಗುವುದು: ನಲವತ್ತು ಐವತ್ತು ಕರಡುಗಳಲ್ಲಿ ಕಂಡ ತಪ್ಪನ್ನೆಲ್ಲ ಕೆಂಪು ಶಾಯಿಯಿಂದ ತಿದ್ದಲು ಹೊರಟರೆ ಶಿಕ್ಷಕರು ಸೋಲುತ್ತಾರೆ, ಕೆಂಪಾದ ಪುಟವನ್ನು ಕಂಡ ಮಗುವೂ ಸೋಲುತ್ತದೆ. ಎರಡು ಅಂಶಗಳನ್ನಷ್ಟೇ ಆರಿಸಿಕೊಳ್ಳುವುದು ಜಾಣತನ. ಒಂದು, ಕ್ರಿಯಾಪದದ ಭೂತಕಾಲ. ಇನ್ನೊಂದು, ಕರ್ತೃಪದ. ಕನ್ನಡದಲ್ಲಿ ಕ್ರಿಯಾಪದವೇ ಬಂದವರು ಗಂಡೋ ಹೆಣ್ಣೋ ಎಂದು ಹೇಳಿಬಿಡುವುದರಿಂದ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಇಂಗ್ಲಿಷ್‌ನಲ್ಲಿ ನಿಲ್ಲುವುದಿಲ್ಲ, ಹಾಗಾಗಿ ನಮ್ಮ ಮಕ್ಕಳ ಬರಹದಲ್ಲಿ ಈ ಲೋಪ ಪದೇ ಪದೇ ಕಾಣುತ್ತದೆ. ತಪ್ಪಿದ ಸಾಲಿನ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟು, ಮಗುವೇ ಹುಡುಕಿ ಸರಿಪಡಿಸಲು ಬಿಟ್ಟರೆ ಕಲಿಕೆ ಗಟ್ಟಿಯಾಗುತ್ತದೆ.

ನಾಲ್ಕನೆಯ ವಾರದಲ್ಲಿ ಎರಡನೆಯ ಕರಡನ್ನು ಚೆನ್ನಾಗಿ ಬರೆದು, ಒಂದು ಚಿತ್ರ ಬಿಡಿಸಿ, ಎಲ್ಲವನ್ನೂ ದಾರದಿಂದ ಹೊಲಿದರೆ ತರಗತಿಯ ಕೈಬರಹದ ಪುಸ್ತಕವೊಂದು ಸಿದ್ಧವಾಗುತ್ತದೆ. ಆವರಣದಲ್ಲಿಯೇ ಅಥವಾ ಪಕ್ಕದಲ್ಲಿಯೇ ಹಿರಿಯ ಪ್ರಾಥಮಿಕ ಶಾಲೆಯಿರುವ ಕಡೆ ಒಂಬತ್ತನೆಯ ತರಗತಿಯ ಮಕ್ಕಳು ಆರು ಏಳನೆಯವರಿಗೆ ಈ ಕಥೆಗಳನ್ನು ಇಂಗ್ಲಿಷ್‌ನಲ್ಲಿ ಹೇಳಬಹುದು. ಕೇಳುಗರು ನಿಜವಾದವರಾದಾಗ ಹೇಳುವವರು ತಾವಾಗಿಯೇ ಮಾತನ್ನು ಸ್ಪಷ್ಟಗೊಳಿಸಿಕೊಳ್ಳುತ್ತಾರೆ. ಪರೀಕ್ಷೆಯ ಚಿಂತೆಯಿರುವ ಪೋಷಕರಿಗೂ ಮುಖ್ಯಶಿಕ್ಷಕರಿಗೂ ಒಂದು ಮಾತು ಹೇಳಬಹುದು: ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಸುಳಿವುಗಳನ್ನು ಆಧರಿಸಿ ಕಥೆಯನ್ನು ಬೆಳೆಸುವ, ಚಿತ್ರವನ್ನು ನೋಡಿ ವರ್ಣಿಸುವ, ಕೊಟ್ಟ ವಿವರಗಳಿಂದ ವ್ಯಕ್ತಿಯ ಪರಿಚಯ ಬರೆಯುವ ಪ್ರಶ್ನೆಗಳು ಬರುತ್ತವೆ, ಮತ್ತು ಅವುಗಳಿಗೆ ಗೈಡಿನಲ್ಲಿ ಉತ್ತರವಿರುವುದಿಲ್ಲ.

ಶಾಲೆಯ ಪರಿಸ್ಥಿತಿಗೆ ತಕ್ಕಂತೆ ಬೇರೆ ಪ್ರಾಜೆಕ್ಟುಗಳೂ ಸಾಧ್ಯ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಇಳಿಸಿಕೊಂಡು ಬಂದು ಊರಿಗೆ ಹೊಸದಾಗಿ ಬರುವವರಿಗೆ ಇಂಗ್ಲಿಷ್‌ನಲ್ಲಿ ಒಂದು ಮಾರ್ಗದರ್ಶಿ ರಚಿಸುವುದು ಎಂಟನೆಯ ತರಗತಿಯವರಿಗೆ ಹಿಡಿಸುವ ಕೆಲಸ. ಒಂಬತ್ತನೆಯವರು ಮುಂದಿನ ವರ್ಷ ಪಠ್ಯದಲ್ಲಿ ಎದುರಾಗುವ ಆರ್. ಕೆ. ನಾರಾಯಣರ ಕಥೆಯ ಬಾಲಕ ಸ್ವಾಮಿಯನ್ನು ಮುಂಚಿತವಾಗಿ ಭೇಟಿಯಾಗಬೇಕೆಂದಿದ್ದರೆ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಒಂದು ಕಂತನ್ನು ನೋಡಿ, ಅದರ ಒಂದು ದೃಶ್ಯಕ್ಕೆ ತಾವೇ ಸಂಭಾಷಣೆ ಬರೆದು ಅಭಿನಯಿಸಬಹುದು. ಇವೆಲ್ಲಕ್ಕಿಂತ ಕಡಿಮೆ ಸಿದ್ಧತೆ ಬೇಡುವುದು, ಹೆಚ್ಚು ಫಲ ಕೊಡುವುದು ಓದಿನ ಪ್ರಾಜೆಕ್ಟ್. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಾಂಗುಭಾಯಿ ಎಂಬ ಸಂಶೋಧಕರು ಫಿಜಿ ದ್ವೀಪಗಳ ಗ್ರಾಮೀಣ ಶಾಲೆಗಳ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ತಲಾ ಸುಮಾರು 250 ಚಿತ್ರಸಹಿತ ಇಂಗ್ಲಿಷ್ ಕಥೆಪುಸ್ತಕಗಳನ್ನು ಒದಗಿಸಿ ನಡೆಸಿದ, 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಲ್ಲದ ಆ ಮಕ್ಕಳು ಎಂಟು ತಿಂಗಳಲ್ಲಿ ಓದಿ ಮತ್ತು ಕೇಳಿ ಗ್ರಹಿಸುವುದರಲ್ಲಿ ಸಾಮಾನ್ಯಕ್ಕಿಂತ ಎರಡು ಪಟ್ಟು ವೇಗದಲ್ಲಿ ಮುನ್ನಡೆದರು. ನಮ್ಮ ಶಾಲೆಗಳಿಗೆ ಅಷ್ಟು ಪುಸ್ತಕಗಳು ಎಲ್ಲಿಂದ ಬರಬೇಕು ಎಂದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಉಚಿತವಾಗಿ ದೊರೆಯುವುದುಂಟು. ದಿನಕ್ಕೆ ಇಪ್ಪತ್ತು ನಿಮಿಷದ ಮೌನ ಓದು, ವಾರಕ್ಕೊಮ್ಮೆ ಓದಿದ್ದನ್ನು ಕುರಿತು ಮೂರು ವಾಕ್ಯ, ಇಷ್ಟೇ ಸಾಕು.

ಇಂಥ ಕೆಲಸಕ್ಕೆ ಅಂಕ ಕೊಡುವುದು ಹೇಗೆ ಎಂಬುದು ನ್ಯಾಯದ ಪ್ರಶ್ನೆ. ರೂಬ್ರಿಕ್ ಎಂದು ಕರೆಯುವ ಮಾನದಂಡ ಪಟ್ಟಿ ಇದಕ್ಕೆ ನೆರವಾಗುತ್ತದೆ. ಯಾವ ಯಾವ ಅಂಶಗಳನ್ನು ನೋಡಲಾಗುತ್ತದೆ, ಪ್ರತಿಯೊಂದರಲ್ಲಿ ಉತ್ತಮ, ಸಾಧಾರಣ, ಆರಂಭಿಕ ಎಂದರೆ ಏನು ಎಂಬುದನ್ನು ಸರಳ ಭಾಷೆಯಲ್ಲಿ, ಬೇಕಿದ್ದರೆ ಕನ್ನಡದಲ್ಲಿಯೇ, ಕೆಲಸ ಆರಂಭವಾಗುವ ಮೊದಲೇ ಮಕ್ಕಳ ಮುಂದಿಡುವ ಕೋಷ್ಟಕವದು. ಕಥೆಯ ಪ್ರಾಜೆಕ್ಟಿನಲ್ಲಿ ಘಟನೆಗಳು ಕೇಳುಗರಿಗೆ ತಿಳಿಯುವಂತೆ ಬಂದಿವೆಯೇ, ಭೂತಕಾಲ ಸರಿಯಾಗಿದೆಯೇ, ಮೊದಲ ಕರಡಿಗೂ ಎರಡನೆಯದಕ್ಕೂ ಸುಧಾರಣೆ ಕಾಣುತ್ತದೆಯೇ ಎಂಬ ಮೂರು ಅಂಶಗಳು ಸಾಕಾಗುತ್ತವೆ. ಬರಹದ ಅಂಕಗಳಲ್ಲಿ ಮೂರನೆಯ ಅಂಶಕ್ಕೆ ಹೆಚ್ಚು ಪಾಲಿರುವುದು ಒಳ್ಳೆಯದು, ಏಕೆಂದರೆ ಟ್ಯೂಷನ್ನಿನ ಅನುಕೂಲವಿಲ್ಲದ ಮಗುವಿಗೂ ಅದು ಸಮಾನವಾಗಿ ದಕ್ಕುತ್ತದೆ. ಮೊಬೈಲಿನ ಅನುವಾದವನ್ನೋ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಪುಟವನ್ನೋ ತರುವ ಸಾಧ್ಯತೆಗೂ ಇದೇ ಮದ್ದು: ಎರಡೂ ಕರಡುಗಳನ್ನು ತರಗತಿಯಲ್ಲಿಯೇ ಬರೆಸಿ, ಬಾಯಿಮಾತಿನ ಕಥನಕ್ಕೆ ಅರ್ಧದಷ್ಟು ಅಂಕವಿಟ್ಟರೆ ಕದಿಯಲು ಏನೂ ಉಳಿಯುವುದಿಲ್ಲ. ಗುಂಪು ಕೆಲಸದ ವಿಷಯದಲ್ಲಿ ಪ್ರಭು ಅವರ ಎಚ್ಚರಿಕೆಯನ್ನು ನೆನೆಯಬೇಕು. ಅರೆಬರೆ ಕಲಿತ ಮಕ್ಕಳು ತಮ್ಮತಮ್ಮಲ್ಲೇ ಮಾತಾಡುವಾಗ ತಪ್ಪು ರೂಪಗಳೇ ಗಟ್ಟಿಯಾಗಬಹುದೆಂಬ ಆತಂಕದಿಂದ ಅವರು ಗುಂಪು ಚಟುವಟಿಕೆಯನ್ನು ದೂರವಿಟ್ಟಿದ್ದರು. ಅಷ್ಟು ಕಟ್ಟುನಿಟ್ಟು ಅಗತ್ಯವಿಲ್ಲದಿರಬಹುದು, ಆದರೆ ಐವರ ಗುಂಪಿನಲ್ಲಿ ಒಬ್ಬರು ಬರೆದು ನಾಲ್ವರು ನೋಡುವ ವ್ಯವಸ್ಥೆಗಿಂತ, ಜೋಡಿಯಾಗಿ ಅಭ್ಯಾಸ ಮಾಡಿ ಒಬ್ಬೊಬ್ಬರಾಗಿ ಬರೆಯುವ ವ್ಯವಸ್ಥೆ ಖಂಡಿತ ಮೇಲು.

ಹತ್ತನೆಯ ತರಗತಿಗೆ ಫೆಬ್ರವರಿ ಮಾರ್ಚ್‌ನಲ್ಲಿ ಪ್ರಾಜೆಕ್ಟ್ ಹೊರೆಯಾಗುತ್ತದೆ; ಅಲ್ಲಿ ಬದಲಾಗಬೇಕಾದದ್ದು ಪುನರಾವರ್ತನೆಯ ರೀತಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆಯಲು ಯತ್ನಿಸಿದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಇದರಂತೆ, ಅವಧಿಯ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿ ಹಿಂದಿನ ವಾರದ ಪಾಠದ ಪಾತ್ರಗಳನ್ನೂ ಘಟನೆಗಳನ್ನೂ ನೆನಪಿನಿಂದ ಬರೆದು, ಆಮೇಲೆ ಪುಸ್ತಕ ತೆರೆದು ತಾವೇ ತಾಳೆ ನೋಡುವ ಅಭ್ಯಾಸ, ಉತ್ತರವನ್ನು ಐದು ಸಲ ನಕಲು ಮಾಡುವುದಕ್ಕಿಂತ ಹೆಚ್ಚು ಉಳಿಯುತ್ತದೆ. ಅನುತ್ತೀರ್ಣರಾಗುವ ಭಯವಿರುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್, ಅಂದರೆ ಉತ್ತೀರ್ಣರಾಗಲು ಬೇಕಾದಷ್ಟನ್ನೇ ಆರಿಸಿದ ಪಾಠಭಾಗ, ಕೊಡುವುದರಲ್ಲಿ ತಪ್ಪಿಲ್ಲ; ಆದರೆ ಜನವರಿಯಲ್ಲಿಯೇ ಅದನ್ನು ಕೈಗಿಟ್ಟು ಉಳಿದೆಲ್ಲ ಪಾಠಗಳನ್ನು ಅವರ ಪಾಲಿಗೆ ಮುಚ್ಚಿಬಿಡುವುದು ಅವರ ಹಕ್ಕನ್ನು ಕಸಿದುಕೊಂಡ ಹಾಗೆ.

ವಾರ್ಷಿಕ ಪರೀಕ್ಷೆ ಮುಗಿದು ಫಲಿತಾಂಶ ಪ್ರಕಟವಾಗುವ ನಡುವಿನ ಕೆಲವೇ ದಿನಗಳಲ್ಲಿ ಎಂಟು ಒಂಬತ್ತನೆಯ ತರಗತಿಗಳ ಶಿಕ್ಷಕರು ಉತ್ತರಪತ್ರಿಕೆಗಳಲ್ಲಿ ಮುಳುಗಿರುತ್ತಾರೆ, ಮಕ್ಕಳಿಗೆ ನಿಗದಿತ ಕೆಲಸವಿರುವುದಿಲ್ಲ. ಕೈಬರಹದ ಪುಸ್ತಕವನ್ನು ಪೂರ್ತಿಗೊಳಿಸಲು, ಓದಿನ ಪಟ್ಟಿ ತಯಾರಿಸಲು, ಏಪ್ರಿಲ್‌ನಲ್ಲಿ ಫಲಿತಾಂಶ ತಿಳಿಸಲು ಪೋಷಕರನ್ನು ಕರೆಯುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಎರಡು ಮೂರು ಕಥೆಗಳನ್ನು ಹೇಳಿಸುವ ತಾಲೀಮು ನಡೆಸಲು ಆ ದಿನಗಳು ಒದಗುತ್ತವೆ. ರಜೆಗೆ ಮುಂಚೆ ಶಿಕ್ಷಕರು ಮಾಡಬೇಕಾದ ಇನ್ನೊಂದು ಕೆಲಸವಿದೆ. ಜೂನ್‌ನಲ್ಲಿ ಶಾಲೆ ತೆರೆದೊಡನೆ ಸೇತುಬಂಧ ಕಾರ್ಯಕ್ರಮ, ಅಂದರೆ ಹಿಂದಿನ ತರಗತಿಯ ಕಲಿಕೆಯಲ್ಲಿ ಉಳಿದ ಕೊರತೆಗಳನ್ನು ಗುರುತಿಸಿ ತುಂಬುವ ಕಾರ್ಯಕ್ರಮ, ಒಂದು ಪೂರ್ವಪರೀಕ್ಷೆಯಿಂದ ಆರಂಭವಾಗುತ್ತದೆ. ಪ್ರತಿ ಮಗುವಿನ ಎರಡೂ ಕರಡುಗಳನ್ನು ಹೆಸರಿನ ಅನುಕ್ರಮದಲ್ಲಿ ಒಂದು ಕಡತದಲ್ಲಿ ಜೋಡಿಸಿ, ಯಾವ ಮಗು ಭೂತಕಾಲದಲ್ಲಿ ಇನ್ನೂ ತಡವರಿಸುತ್ತದೆ, ಯಾವ ಮಗುವಿಗೆ ಮಾತು ಬಂದರೂ ಬರವಣಿಗೆ ಕಷ್ಟ, ಯಾರಿಗೆ ಅಕ್ಷರಗಳ ಮಟ್ಟದಲ್ಲಿಯೇ ನೆರವು ಬೇಕು ಎಂದು ಒಂದೊಂದು ಸಾಲು ಬರೆದು ಮುಖ್ಯಶಿಕ್ಷಕರ ಬಳಿ ಇಟ್ಟರೆ, ಮುಂದಿನ ವರ್ಷ ಆ ತರಗತಿಗೆ ಬರುವವರು ಬೇರೆ ಶಿಕ್ಷಕರಾಗಿದ್ದರೂ ಮೊದಲ ವಾರದಿಂದಲೇ ಆ ಮಕ್ಕಳಿಗೆ ಬೇಕಾದುದನ್ನು ಕಲಿಸಲು ಆರಂಭಿಸಬಹುದು.